ಮೇಷ್ಟ್ರು ಮೈತುಂಬಿಕೊಂಡದ್ದು

"ಸೊಂಟ ನಲವತ್ತು!" ಎಂದು ದರ್ಜಿ ಹೇಳಿದ್ದೇ ತಡ, ಕಡ್ಡಿ ಮೇಷ್ಟ್ರ ಹೆಂಡತಿ ಕುರ್ಚಿಯಿಂದ ಎದ್ದೇಬಿಟ್ಟರು. ಮದುವೆಯಾದಾಗಿನಿಂದ ಮೂವತ್ತೆರಡು ದಾಟದ ಸೊಂಟ ಅದು.

"ಕಡ್ಡಿ ಅಂತ ಹೆಸರಿಟ್ಟೋರೆಲ್ಲ ಈಗ ಬಂದು ನೋಡ್ಲಿ! ಎರಡು ತಿಂಗಳಿಂದ ಎದುರಿಗೇ ಕೂತು ಬಡಿಸಿದೀನಿ."

ಮೇಷ್ಟ್ರು ಕನ್ನಡಿಯಲ್ಲಿ ತಮ್ಮ ಹೊಟ್ಟೆಯನ್ನು ಹೊಸ ನೆಂಟನನ್ನು ನೋಡುವಂತೆ ನೋಡಿಕೊಂಡರು. ನಿವೃತ್ತಿಯ ದಿನಕ್ಕೆ ಕೋಟು, ಪ್ಯಾಂಟು ಹೊಲಿಸಲು ಬಂದಿದ್ದರು.

ದರ್ಜಿ ಹಳೆಯ ಅಳತೆ ಪುಸ್ತಕ ತಿರುವಿದ. ಸೊಂಟ ಎಂಟಿಂಚು ಹೆಚ್ಚು, ಸರಿ. ಆದರೆ ತೋಳಿನ ಸುತ್ತಳತೆ ಒಂದಿಂಚು ಕಡಿಮೆ! ಪ್ಯಾಂಟಿನ ಉದ್ದ ತೆಗೆಯಲು ಮೊಣಕಾಲೂರಿ ಕೂತ. ಕಾಲುಚೀಲದ ಅಂಚು ಹಗ್ಗ ಬಿಗಿದಂತೆ ಕಾಲಿನಲ್ಲಿ ಹೂತಿತ್ತು. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದ. ಬೆರಳು ತೆಗೆದರೂ ಗುಳಿ ಹಾಗೇ ಉಳಿಯಿತು.

"ಮೇಷ್ಟ್ರೇ, ಇದು ಮಾಂಸ ಅಲ್ಲ ಅನ್ಸತ್ತೆ, ನೀರು. ಮೊದಲು ಡಾಕ್ಟರಿಗೆ ತೋರಿಸಿ. ಅಲ್ಲೀವರೆಗೂ ನಾನು ಬಟ್ಟೆಗೆ ಕತ್ತರಿ ಹಾಕಲ್ಲ."

ಹೆಂಡತಿಗೆ ಎಲ್ಲಿಲ್ಲದ ಸಿಟ್ಟು ಬಂತು. "ನನ್ನ ಅಡುಗೆ ಮೈಗೆ ಹತ್ತಿದ್ರೆ ಎಲ್ಲರ ಕಣ್ಣಿಗೂ ಉರಿ! ಬನ್ರೀ, ಇವನೊಬ್ನೇನಾ ದರ್ಜಿ?" ಬಟ್ಟೆ ಸುತ್ತಿಕೊಂಡು ಹೊರಟೇಬಿಟ್ಟರು. ಹಿಂದೆಯೇ ನಡೆದ ಮೇಷ್ಟ್ರು ಮೂರು ಮೆಟ್ಟಿಲು ಇಳಿಯುವಷ್ಟರಲ್ಲಿ ಏದುಸಿರು ಬಿಡುತ್ತ ಗೋಡೆ ಹಿಡಿದರು. ಹೆಂಡತಿ ತಿರುಗಿ ನೋಡಿದರು. ಸಿಟ್ಟು ಅಲ್ಲೇ ಇಳಿಯಿತು.

ಹತ್ತು ದಿನ ದರ್ಜಿಗೆ ಒಂದು ಹೊಲಿಗೆಯೂ ನೆಟ್ಟಗೆ ಬೀಳಲಿಲ್ಲ. ಬಾಯಿ ಮುಚ್ಚಿಕೊಂಡಿರಬೇಕಿತ್ತೇನೋ ಎಂದುಕೊಂಡ. ಹನ್ನೊಂದನೆಯ ದಿನ ಆಕೆ ಒಬ್ಬರೇ ಬಂದು ಧೊಪ್ಪನೆ ಕೂತರು.

"ಎದೇಲೂ ನೀರಿತ್ತು ಕಣಪ್ಪ. ಸೂಜಿ ಹಾಕಿ ತೆಗೆದ್ರು. ತಿಳಿಯಾಗಿತ್ತು. ಅದ್ರಲ್ಲಿ ಪ್ರೋಟೀನು ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ. ಸೋಂಕಿನ ನೀರಾಗಿದ್ರೆ ಜಾಸ್ತಿ ಇರ್ತಿತ್ತಂತೆ."

"ಮತ್ತೆ ಎಲ್ಲಿಂದ ಬಂತಕ್ಕ ಅಷ್ಟು ನೀರು?"

"ರಕ್ತದಿಂದಾನೇ. ರಕ್ತದಲ್ಲಿರೋ ಪ್ರೋಟೀನೇ ನೀರನ್ನ ನಾಳದೊಳಗೆ ಹಿಡಿದಿಡೋದಂತೆ. ಇವರ ಕಿಡ್ನಿ ಅದನ್ನೇ ಮೂತ್ರದಲ್ಲಿ ಸೋರಿಸ್ತಾ ಇತ್ತು. ಹಿಡಿಯೋರಿಲ್ಲ ಅಂದ್ಮೇಲೆ ನೀರು ನಾಳದಿಂದಾಚೆ ಜಿನುಗಿ ಸಿಕ್ಕ ಸಿಕ್ಕಲ್ಲಿ ನಿಂತಿದೆ." ಕಣ್ಣೊರೆಸಿಕೊಂಡರು. "ಪಕ್ಕದಲ್ಲೇ ಇದ್ದ ನಾನು ಇನ್ನೊಂದು ಸೌಟು ಹಾಕ್ತಾ ಕೂತಿದ್ದೆ."

"ಔಷಧಿ?"

"ಹಿಡೀತಾ ಇದೆ. ಹಗಲೆಲ್ಲ ಬಚ್ಚಲಿಗೆ ಓಡಾಟ. ದಿನಕ್ಕೊಂದು ಕೆ.ಜಿ. ಇಳೀತಾ ಇದಾರೆ."

ಮೂರು ತಿಂಗಳ ಮೇಲೆ ಗಂಡ ಹೆಂಡತಿ ಮತ್ತೆ ಬಂದರು. ನಿವೃತ್ತಿಯ ದಿನ ಆಸ್ಪತ್ರೆಯಲ್ಲೇ ಕಳೆದಿತ್ತು, ಆದರೂ ಕೋಟು ಬೇಕಂತೆ. ಮೇಷ್ಟ್ರು ಮೂರು ಮೆಟ್ಟಿಲನ್ನೂ ಸರಸರ ಹತ್ತಿದರು. ದರ್ಜಿ ಟೇಪು ಬಿಚ್ಚುವಷ್ಟರಲ್ಲಿ ದಾರಿಯಲ್ಲಿ ಹೋಗುತ್ತಿದ್ದ ಹಳೆಯ ಪರಿಚಯದವರೊಬ್ಬರು ಬಾಗಿಲಲ್ಲಿ ಇಣುಕಿದರು.

"ಅಯ್ಯೋ, ಮೇಷ್ಟ್ರೇ! ಇದೇನು ಹೀಗೆ ಒಣಗಿಹೋಗಿದೀರ? ಮನೇಲಿ ಊಟ ಹಾಕಲ್ವಾ?"

ದರ್ಜಿ ಉಸಿರು ಬಿಗಿಹಿಡಿದ. ಮೇಷ್ಟ್ರ ಹೆಂಡತಿ ಮುಖವರಳಿಸಿ ಗಂಡನ ಬೆನ್ನು ತಟ್ಟಿದರು.

"ಹೌದು ನೋಡಿ, ಎಷ್ಟು ಚೆನ್ನಾಗಿ ಒಣಗಿದಾರೆ!"