ನೂರಕ್ಕೆ ನೂರರ ಬ್ಯಾನರ್

ಬ್ಯಾನರ್ ಮಾಡಿಸಲು ಬಂದ ಹೆಡ್‌ಮಾಸ್ತರರಿಗೆ ಅಂಗಡಿಯವಳ ಗುರುತು ಸಿಗಲಿಲ್ಲ. ಅವಳು ಮಾತ್ರ ಮರೆತಿರಲಿಲ್ಲ.

"ಎಸ್ಸೆಸ್ಸೆಲ್ಸಿ ನೂರಕ್ಕೆ ನೂರು ಅಂತ ದೊಡ್ಡದಾಗಿ ಹಾಕಮ್ಮ. ನಾಳೆ ಬಿಇಓ ಸಾಹೇಬರೇ ಪರದೆ ಸರಿಸ್ತಾರೆ."

"ಒಬ್ರೂ ಫೇಲಾಗಲ್ವಾ ಸಾರ್?"

"ಆಗೋ ಅಂಥವನ್ನ ಒಂಬತ್ತರಲ್ಲೇ ಟಿಸಿ ಕೊಟ್ಟು ಸಾಗಹಾಕ್ತೀನಿ," ಎಂದು ನಕ್ಕರು.

ಹದಿನೈದು ವರ್ಷದ ಹಿಂದೆ ಅವಳಪ್ಪನ ಕೈಗೆ ಟಿಸಿ ತುರುಕಿದಾಗಲೂ ಹೀಗೇ ನಕ್ಕಿದ್ದರು: "ಓದಿದ್ರೂ ಇವಳು ಕೂಲಿಗೇ ಲಾಯಕ್ಕು."

"ದುಡ್ಡು ಬೇಡ ಸಾರ್. ನಾನೇ ತಂದು ಕಟ್ತೀನಿ," ಎಂದಳು.

ಹಾಗೆ ಹೊರಬಿದ್ದ ಮಕ್ಕಳು ಖಾಸಗಿಯಾಗಿ ಪರೀಕ್ಷೆ ಕಟ್ಟಲು ಫೋಟೊ ತೆಗೆಸಿ, ಟಿಸಿ ಜೆರಾಕ್ಸ್ ಮಾಡಿಸುತ್ತಿದ್ದುದು ಅವಳ ಅಂಗಡಿಯಲ್ಲೇ.

ಮರುದಿನ ಸಾಹೇಬರು ಪರದೆ ಸರಿಸಿದರು. 'ನೂರಕ್ಕೆ ನೂರು' ಎಂಬ ಅಕ್ಷರಗಳ ಕೆಳಗೆ ಟಿಸಿ ಪಡೆದ ಹನ್ನೊಂದು ಮಕ್ಕಳ ಫೋಟೊ, ಒಬ್ಬೊಬ್ಬರ ಕೆಳಗೂ ಹೊರಗೆ ಹಾಕಿದ ತಾರೀಖು. ಹನ್ನೆರಡನೆಯ ಫೋಟೊ ಅವಳದು.