ಮಡಿ ಸೀರೆಯ ಮೇಲಿನ ನೆರಳು

"ಹಿಡೀರಿ ಅವನ್ನ!"

ಹಿಡಿಯುವುದಕ್ಕೆ ಖಲೀಲ್ ಎಲ್ಲಿಗೂ ಓಡಿರಲಿಲ್ಲ. ತನ್ನ ಮೊಬೈಲ್ ರಿಪೇರಿ ಅಂಗಡಿಯಲ್ಲಿ, ಎರಡೂ ಕೈ ಗಾಜಿನ ಮೇಲಿಟ್ಟುಕೊಂಡು ಕೂತಿದ್ದ. ಕೂಗಿದವರು ಅಂಗಡಿಯ ಮಾಲೀಕರು, ಮೇಲಿನ ಮನೆಯ ವಿಬುಧೇಂದ್ರಾಚಾರ್ಯರು. ಜೊತೆಗೆ ಬಂದಿದ್ದ ಪೊಲೀಸ್ ಹನುಮಂತ ಒಳಗೆ ನುಗ್ಗಿ ಒಂದು ಡಬ್ಬಿ ಸುರುವಿದ. ಬರೇ ಮೊಳೆ.

ತಿಂಗಳಿಂದ ಮಾನ್ವಿಯ ಆ ಓಣಿಯಲ್ಲಿ ಒಂದು ಯಂತ್ರ ಹಾರುತ್ತಿತ್ತು. ನಾಲ್ಕು ತೋಳು, ನಾಲ್ಕು ಪಂಖ, ಜೇನು ಎದ್ದಂಥ ಸದ್ದು. ಮದುವೆಯವರು ತರುವ ಡ್ರೋನ್ ಅಲ್ಲ. ಯಾರೋ ಬಿಡಿಭಾಗ ತರಿಸಿ ಕೈಯಾರೆ ಕಟ್ಟಿದ್ದು. ಆಚಾರ್ಯರು ಉಂಡು ಅಡ್ಡಾದರೆ ಸಾಕು, ಹಾಜರು. ಪೇಟೆ ನೋಡಲು ಬಂದವರ ಹಾಗೆ ಸಂತೆ, ಬಸ್ ನಿಲ್ದಾಣ ಎಲ್ಲ ಸುತ್ತಿ, ಹೆಣ್ಣುಮಕ್ಕಳ ಶಾಲೆಯ ಮೇಲೆ ತುಸು ಹೊತ್ತು ನಿಂತು ಬರುತ್ತಿತ್ತು. ಶಾಲೆಯ ಸುದ್ದಿ ಕೇಳಿದ ಮೇಲೆ ಓಣಿಗೆ ಪುರಾವೆ ಬೇಕಾಗಲಿಲ್ಲ. ವೈರು, ಮೋಟರು ಅಂತ ಪಾರ್ಸಲ್ ಬರುತ್ತಿದ್ದದ್ದು ಖಲೀಲನ ಹೆಸರಿಗೆ. ಹೆಸರು ಖಲೀಲ್ ಎಂದಿದ್ದರೆ ಮುಗಿಯಿತಲ್ಲ, ಪಾರ್ಸಲ್ಲೂ ಯಾಕೆ ಬೇಕು?

ಆಚಾರ್ಯರ ಸಂಕಟವೇ ಬೇರೆ. ಅದು ಅವ್ವನ ಮಡಿಯ ಪ್ರಶ್ನೆ.

ಅವ್ವ ಜಾನಕಿಬಾಯಿಯನ್ನು ಐದನೇ ಕ್ಲಾಸಿಗೇ ಶಾಲೆ ಬಿಡಿಸಿ ಈ ಮನೆಗೆ ತಂದಿದ್ದರು. ಗಂಡ ಸತ್ತ ದಿನದಿಂದ ಮಡಿ. ಅವಳನ್ನು ಯಾರೂ ಮುಟ್ಟುವಂತಿಲ್ಲ. ಅವಳ ಕೋಣೆ, ಅವಳ ಪೆಟ್ಟಿಗೆ, ಕೇಳಲೇಬೇಡಿ. ಬೀದಿಗಿಳಿಯುವುದು ದೂರದ ಮಾತು. ಬೇಕಾದ ಸೊಪ್ಪು ತರಕಾರಿಯನ್ನು ಖಲೀಲ್ ಸಂತೆಯಿಂದ ತಂದು, ಮಾಳಿಗೆಯಿಂದ ಹಗ್ಗದಲ್ಲಿ ಇಳಿಬಿಟ್ಟ ಬುಟ್ಟಿಗೆ ಹಾಕುತ್ತಿದ್ದ. ಮುಟ್ಟುತ್ತಿರಲಿಲ್ಲ. ಅಷ್ಟರ ಮಟ್ಟಿಗೆ ಹುಡುಗ ಸಂಭಾವಿತ ಎಂದು ಆಚಾರ್ಯರೇ ಒಪ್ಪಿದ್ದರು. ಮಧ್ಯಾಹ್ನ ಅವಳು ಬಿದಿರಿನ ಮಡಿಕೋಲು ಹಿಡಿದು ಸೀರೆ ಒಣಹಾಕಲು ಮೇಲೆ ಹತ್ತಿದರೆ, ಇಳಿದು ಬರುವವರೆಗೆ ಮೆಟ್ಟಿಲಿಗೆ ಬೇರೆಯವರ ಕಾಲು ತಾಗಬಾರದು. ಕೋಲು ಈಚೆಗೆ ಗಿಡ್ಡಾಗಿತ್ತು. "ಹುಳಾ ಹಿಡದಿತ್ತು, ಕತ್ತರಿಸೀನಿ" ಎಂದಿದ್ದಳು.

"ಅವ್ವಾ, ಆ ಹಾಳು ಯಂತ್ರದ ನೆರಳು ನಿನ್ನ ಸೀರಿ ಮ್ಯಾಲ ಬೀಳ್ತದೇನು?" ಎಂದು ಆಚಾರ್ಯರು ಬಾಗಿಲಾಚೆಯಿಂದಲೇ ಕೇಳಿದ್ದರು.

ಅವ್ವ ಬತ್ತಿ ಹೊಸೆಯುತ್ತಿದ್ದಳು. ಕೋಣೆಯಲ್ಲಿ ರಾಳ ಸುಟ್ಟ ಧೂಪದ ವಾಸನೆ. ಹೆಬ್ಬೆರಳಿಗೊಂದು ಬೊಬ್ಬೆ.

"ಬೀಳ್ತದಪ್ಪಾ. ಭಾಳ ಕಾಡ್ತದ. ಗಾಳಿ ಇದ್ದ ದಿನ ಅಂತೂ ಒಂದು ಮಾತು ಕೇಳಂಗಿಲ್ಲ."

ಆಚಾರ್ಯರ ಕಣ್ಣು ಹನಿಗೂಡಿತು. ಈ ವಯಸ್ಸಿನಲ್ಲಿ ಎಂಥ ಕಷ್ಟ! ಮರುದಿನವೇ ಹನುಮಂತನನ್ನು ಕರೆತಂದರು.

"ಸಾಮಾನು ನಿನ್ನ ಹೆಸರಿಗೆ ಬಂದಾವೋ ಇಲ್ಲೋ?" ಹನುಮಂತ ಕೇಳಿದ.

"ಬಂದಾವ್ರಿ. ತರಿಸಿ ಕೊಟ್ಟೀನಿ. ಜೋಡಿಸೋದು ಹೆಂಗಂತ ಹೇಳೀನಿ. ಕಟ್ಟಿದ್ದು ನಾನಲ್ಲ, ಹಾರಿಸೋದೂ ನಾನಲ್ಲ."

"ಮತ್ತ ಯಾರಲೇ?"

"ಹೇಳಂಗಿಲ್ರಿ. ಮಾತು ಕೊಟ್ಟೀನಿ."

"ಓಹೋ, ಮಾತು!" ಆಚಾರ್ಯರು ಶಲ್ಯ ಕೊಡವಿದರು. "ಮಾತು ಇಟ್ಕೊ, ಅಂಗಡಿ ಬಿಡು. ಸಂಜಿಯೊಳಗ ಖಾಲಿ ಆಗಬೇಕು."

ಆ ಕೋಣೆಯಲ್ಲಿ ಖಲೀಲನ ಅಪ್ಪ ಗುಲಾಮ್ ದಸ್ತಗೀರ್ ರೇಡಿಯೋ ರಿಪೇರಿ ಮಾಡಿ ಮಕ್ಕಳನ್ನು ಸಾಕಿದ್ದ. ಖಲೀಲನಿಗೆ ಬೇರೆ ಅನ್ನವಿರಲಿಲ್ಲ. ಅವನು ಒಮ್ಮೆ ಸೂರು ನೋಡಿದ, ಒಮ್ಮೆ ಆಚಾರ್ಯರ ಮುಖ ನೋಡಿದ.

"ಆತ್ರಿ. ಬಿಡತೀನಿ."

"ಲೇ ಹುಚ್ಚಾ, ಒಂದು ಹೆಸರು ಹೇಳಿ ಪಾರಾಗೋ!" ಹನುಮಂತನಿಗೇ ತಡೆಯಲಾಗಲಿಲ್ಲ.

ಖಲೀಲ್ ಸ್ಟೂಲು ಹತ್ತಿ, ಅಪ್ಪನ ಕಾಲದ ಬೋರ್ಡಿನ ಒಂದು ಮೊಳೆ ಕಿತ್ತ. ಬೋರ್ಡು ವಾರೆಯಾಗಿ ಜೋತುಬಿತ್ತು. ಆಗಲೇ ಮೇಲೆ ಜೇನು ಎದ್ದ ಸದ್ದು.

"ಇವನ ಕೈಯಾಗ ಸುತ್ತಿಗಿ ಅದ, ಮತ್ತೇನೂ ಇಲ್ರೀ ಆಚಾರ್ರ," ಹನುಮಂತ ತಲೆ ಕೆರೆದುಕೊಂಡ.

"ದೊಡ್ಡ ಟೋಳಿ ಇರಬೇಕು ಇವರದು! ಬೆನ್ನು ಹತ್ರಿ, ಎಲ್ಲಿ ಇಳೀತದ ನೋಡ್ರಿ!"

"ಬ್ಯಾಡ್ರಿ ಸ್ವಾಮಿ," ಖಲೀಲ್ ಸ್ಟೂಲಿನಿಂದ ಜಿಗಿದ. "ಕೈ ಮುಗೀತೀನಿ, ಬೆನ್ನು ಹತ್ತಬ್ಯಾಡ್ರಿ. ನಾ ಖಾಲಿ ಮಾಡಾಕತ್ತೀನಲ್ಲ!"

ಬೆನ್ನು ಹತ್ತುವ ಅಗತ್ಯ ಬೀಳಲಿಲ್ಲ. ಎಂದೂ ಬೀದಿಗಿಳಿಯದ ಯಂತ್ರ ಇವತ್ತು ಇಳಿಯಿತು. ಜೋತುಬಿದ್ದ ಬೋರ್ಡಿನ ಮುಂದೆ ನಿಂತು, ಹೊಟ್ಟೆಯ ಪುಟ್ಟ ಕ್ಯಾಮೆರಾದಿಂದ ಅದನ್ನೊಮ್ಮೆ ನೋಡಿತು. ಮೆಲ್ಲಗೆ ತಿರುಗಿ ಆಚಾರ್ಯರನ್ನು ನೋಡಿತು. ಅವರ ಶಲ್ಯ ಗಾಳಿಗೆ ಹಾರಿ ಹನುಮಂತನ ಟೋಪಿಯ ಮೇಲೆ ಬಿತ್ತು.

ಇಷ್ಟು ಹತ್ತಿರದಿಂದ ಆಚಾರ್ಯರು ಅದನ್ನು ನೋಡಿದ್ದು ಇದೇ ಮೊದಲು. ತೋಳುಗಳು ಬಿದಿರಿನವು. ವರ್ಷಗಟ್ಟಲೆ ಕೈಯಾಡಿ ನುಣುಪಾದ ಬಿದಿರು. ಕೀಲುಗಳನ್ನು ಬಿಗಿದದ್ದು ಬತ್ತಿಯಂತೆ ಹೊಸೆದ ಹತ್ತಿ ದಾರದಿಂದ.

ಯಂತ್ರ ಮೇಲೆದ್ದಿತು. ಬುಟ್ಟಿಯ ಹಗ್ಗದ ಪಕ್ಕದಲ್ಲೇ ಏರಿ, ಆಚಾರ್ಯರದೇ ಮಾಳಿಗೆಯ ಮೇಲೆ, ಒಣಗುತ್ತಿದ್ದ ಸೀರೆಯ ಹಿಂದೆ ಇಳಿದು ಸುಮ್ಮನಾಯಿತು.

ಆಚಾರ್ಯರು ಕಾಲನ್ನು ಮೊದಲ ಮೆಟ್ಟಿಲ ಮೇಲಿಟ್ಟರು.

"ವಿಬುಧಾ," ಮೇಲಿನಿಂದ ಜಾನಕಿಬಾಯಿಯ ದನಿ ಬಂತು, "ಆ ಬೋರ್ಡು ಇದ್ದಲ್ಲೇ ಬಡಿಸು, ಆಮ್ಯಾಲ ಖಲೀಲನ್ನ ಮ್ಯಾಲ ಕಳಸು, ಬ್ಯಾಟರಿ ಮುಗದದ, ನೀ ಮಾತ್ರ ಬರಬ್ಯಾಡಪ್ಪಾ, ನಾ ಮಡೀಲೆ ಇದೀನಿ."