ಮುಡಿಪು

ಮನೆಸಾಲಕ್ಕೆ ಅರ್ಜಿ ಹಾಕಿದ ವಾರದಲ್ಲೇ ಅವನ ಕೆಲಸ ಹೋಯಿತು. ಹೆಂಡತಿಗೆ ಹೇಳಲು ಬಾಯಿ ಬರಲಿಲ್ಲ. ದಿನವೂ ಊಟದ ಡಬ್ಬಿ ಹಿಡಿದು ಹೊರಡುವನು, ಪಾರ್ಕಿನಲ್ಲಿ ಕುಳಿತಿದ್ದು ಸಂಜೆಗೆ ಮರಳುವನು.

ಒಂದು ಬೆಳಗ್ಗೆ ದೇವರ ಮುಂದೆ ಹಳದಿ ಬಟ್ಟೆಯ ಗಂಟು ಕಂಡಿತು.

"ಯಾತರ ಮುಡಿಪೇ ಇದು?"

"ಸಾಲದ್ದೇ ರೀ. ನಾನು ಬೇಡಿಕೊಂಡ ಹಾಗೆ ಆದ್ರೆ ನಂಜುಂಡನಿಗೆ ಒಪ್ಪಿಸ್ತೀನಿ."

ಅವನು ಕುಗ್ಗಿಹೋದ. ಸಾಲ ಸಿಗದಿರಲಿ ಎಂದು ಅದೇ ನಂಜುಂಡನಿಗೆ ಆಗಷ್ಟೇ ಕೈಮುಗಿದಿದ್ದ.

ಶುಕ್ರವಾರ ಸಂಜೆ ಅವನು ಮನೆಗೆ ಮರಳಿದ ಹೊತ್ತಿಗೆ ಬ್ಯಾಂಕಿನಿಂದ ಫೋನು ಬಂತು.

"ಏನಂದ್ರು?"

"ಸಾಲ ಕೊಡಲ್ವಂತೆ ಕಣೇ. ಏನೋ ಕಾರಣ."

ಅವನು ತಲೆ ಎತ್ತಲಿಲ್ಲ. ಅವಳು ಒಳಗಿನಿಂದ ಮುಡಿಪು ತಂದು ಅವನ ಕೈಯಲ್ಲಿಟ್ಟಳು.

"ನಾಳೆ ಡಬ್ಬಿ ಕಟ್ಟಲ್ಲ ರೀ. ಇಬ್ಬರೂ ನಂಜನಗೂಡಿಗೆ ಹೋಗಿ ಹರಕೆ ಒಪ್ಪಿಸಿ ಬರೋಣ."